ಕಾಕಟೀಲ್ ಪಂಜರಕ್ಕೆ ಯಾವ ಆಟಿಕೆ ಹಾಕಬಹುದು, ಯಾವುದು ಬೇಡ?

ನಿಮ್ಮ ಪ್ರಶ್ನೆ ಇಷ್ಟು: ಕುಮಟಾದಲ್ಲಿ ಮನೆ, ಒಂದು ಜೋಡಿ ಕಾಕಟೀಲ್ (ತಲೆ ಮೇಲೆ ಜುಟ್ಟಿರುವ ಸಣ್ಣ ಗಿಳಿ) ಇದೆ. ಆನ್‌ಲೈನ್‌ನಲ್ಲಿ ಆಟಿಕೆ ಸೆಟ್ ತರಿಸಿದ್ದೀರಿ. ಜೋಕಾಲಿ, ಗೆಜ್ಜೆ, ಹತ್ತಿ ಹಗ್ಗದ ಏಣಿ, ಕನ್ನಡಿ, ಬಣ್ಣದ ಮರದ ತುಂಡುಗಳ ಸರ ಎಲ್ಲಾ ಬಂದಿದೆ. ಹಾಗೇ ತೂಗಿ ಹಾಕಬಹುದಾ, ಇಲ್ಲ ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಜೊತೆಗೆ ಯಾರೋ ತೆಂಗಿನ ಪೊಟರೆಯಿಂದ ಊರ ಗಿಳಿಯ ಮರಿ ತಂದುಕೊಡುತ್ತೇನೆ ಅಂದಿದ್ದಾರೆ, ಅದನ್ನೂ ಇದೇ ಪಂಜರದಲ್ಲಿ ಬಿಡಬಹುದಾ ಅಂತಲೂ ಇದೆ.

ಹಾಗೇ ಹಾಕಬೇಡಿ. ಪೂರ್ತಿ ಎಸೆಯಲೂ ಬೇಡಿ. ಒಂದು ಕತ್ತರಿ, ಒಂದು ಪಕ್ಕಡ್ ಹಿಡಿದುಕೊಂಡು ಕೂತರೆ ಅರ್ಧದಷ್ಟು ಸಾಮಾನು ಉಳಿಸಿಕೊಳ್ಳಬಹುದು. ನಾನು ಕಾರವಾರದವನು, ಕಾಕಟೀಲ್, ಅದಕ್ಕಿಂತ ಪುಟ್ಟ ಗಿಳಿಯಾದ ಬಡ್ಜಿ ಎರಡನ್ನೂ ಸಾಕಿದ್ದೇನೆ. ವೈದ್ಯನಲ್ಲ.

ಪ್ಯಾಕೆಟ್ ಬಿಚ್ಚಿದ ಕೂಡಲೇ ಎಲ್ಲರೂ ನೋಡುವುದು ಬಣ್ಣ. ನಾನು ನೋಡುವುದು ಅದನ್ನು ಯಾವುದರಿಂದ ಕಟ್ಟಿದ್ದಾರೆ ಅಂತ. ಮರದ ತುಂಡು, ತೆಂಗಿನ ಕರಟ, ಬಿದಿರಿನ ಚೂರು ಇವುಗಳಿಂದ ಹಕ್ಕಿಗೆ ತೊಂದರೆ ಆಗುವುದು ಕಡಿಮೆ. ಅವನ್ನು ಪೋಣಿಸಿದ ತಂತಿ, ತೂಗುಹಾಕುವ ಕೊಂಡಿ, ಗಂಟು ಹಾಕಿದ ದಾರ, ಇವುಗಳ ಮೇಲೇ ಕಣ್ಣಿಡಬೇಕು. ತಯಾರಿಸುವವರು ದುಡ್ಡು ಉಳಿಸುವುದೂ ಅಲ್ಲೇ.

ಮೊದಲು ಕೊಂಡಿ. ಅಗ್ಗದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ಸತು ಲೇಪಿಸಿದ ಕಬ್ಬಿಣದ ತಂತಿ, ಅಂದರೆ ನಮ್ಮ ಹಾರ್ಡ್‌ವೇರ್ ಅಂಗಡಿಯ ಜಿಐ ತಂತಿ. ಗಿಳಿ ಜಾತಿಯ ಹಕ್ಕಿಗಳಿಗೆ ಎಲ್ಲವನ್ನೂ ಕೊಕ್ಕು ನಾಲಿಗೆಯಿಂದಲೇ ಪರೀಕ್ಷೆ ಮಾಡುವ ಅಭ್ಯಾಸ. ಸತುವಿನ ಚಕ್ಕೆ ಹೊಟ್ಟೆಗೆ ಹೋದರೆ ಜೀರ್ಣಚೀಲದಲ್ಲಿ ಕೂತು ಕರಗುತ್ತಾ ವಿಷವಾಗುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಗ್ರಹಚಾರ ಸೇರುತ್ತದೆ: ಉಪ್ಪು ಗಾಳಿ. ಹೊಸ ಜಿಐ ತಂತಿಯನ್ನು ಕಡಲ ಕಡೆಯ ಜಗುಲಿಯಲ್ಲಿ ಒಂದು ಮಳೆಗಾಲ ಬಿಟ್ಟು ನೋಡಿ. ಹೊಳಪು ಹೋಗಿ ಮೇಲೆ ಬೂದಿಯಂಥ ಬಿಳಿ ಪುಡಿ ಏಳುತ್ತದೆ. ಬೆರಳಿಂದ ತಿಕ್ಕಿದರೆ ಕೈಗೇ ಬರುತ್ತದೆ. ಆ ಪುಡಿ ಸತುವಿನದೇ. ಹಕ್ಕಿ ಕಚ್ಚುವುದೂ ಬೇಕಾಗಿಲ್ಲ, ನೆಕ್ಕಿದರೂ ಸಾಕು.

ಕೊಂಡಿಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್‌ನದು ಹಾಕಿ. ಸ್ಕ್ರೂ ತಿರುಗಿಸಿ ಮುಚ್ಚುವ ಉದ್ದುದ್ದ ಕೊಂಡಿ ಇರುತ್ತದಲ್ವಾ, ಅದು ಒಳ್ಳೆಯದು. ಅಯಸ್ಕಾಂತ ಹಿಡಿದರೆ ಗೊತ್ತಾಗಿಬಿಡುತ್ತದೆ, ಅಂಟದಿದ್ದರೆ ಸ್ಟೇನ್‌ಲೆಸ್ ಅಂತ ಕೆಲವರು ಹೇಳುತ್ತಾರೆ. ಅರ್ಧ ನಿಜ. ಸತು, ಹಿತ್ತಾಳೆ, ಸೀಸ ಇವಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಪಂಜರವೇ ಜಿಐ ಮೆಶ್‌ನದಾಗಿದ್ದರೆ ಅದನ್ನು ಗಟ್ಟಿ ಬ್ರಷ್ಷಿನಿಂದ ವಿನೆಗರ್ ಹಾಕಿ ತಿಕ್ಕಿ, ಚೆನ್ನಾಗಿ ತೊಳೆದು ಒಣಗಿಸಿ. ಸಡಿಲ ಪುಡಿ, ಚೂರು ಹೋಗುತ್ತದೆ. ಲೇಪನ ಹೋಗುವುದಿಲ್ಲ, ಹಾಗಾಗಿ ಕಡಿಯುವ ಚಟ ಜಾಸ್ತಿ ಇರುವ ಹಕ್ಕಿಗೆ ಪೌಡರ್ ಕೋಟಿಂಗ್ ಮಾಡಿದ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪಂಜರವೇ ಬೇಕು.

ಸೀಸದ ವಿಷಯ ಇನ್ನೂ ಕೆಟ್ಟದ್ದು. ನಮ್ಮ ಕಡೆ ಬಲೆ ಇರುವ ಮನೆಯಲ್ಲಿ ಬಲೆಯ ಸೀಸದ ಗುಂಡು ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಪರದೆಗೆ ಭಾರಕ್ಕೆ ಕಟ್ಟುತ್ತಾರೆ, ಮಕ್ಕಳು ಗೋಲಿಯ ಹಾಗೆ ಆಡುತ್ತಾರೆ. ಆಟಿಕೆಯ ಸರ ನೆಟ್ಟಗೆ ತೂಗಲಿ ಅಂತ ಅದರ ತುದಿಗೆ ಕಟ್ಟುವವರೂ ಇದ್ದಾರೆ. ಬೇಡವೇ ಬೇಡ. ಸೀಸ ಎಷ್ಟು ಮೆತ್ತಗೆ ಅಂದರೆ ಕಾಕಟೀಲ್ ಕೊಕ್ಕಿನ ಗುರುತು ಅದರ ಮೇಲೆ ಮೂಡುತ್ತದೆ. ಬೆಸುಗೆ ಹಾಕಿದ ಜಾಗ, ಅಗ್ಗದ ಗಂಟೆಯೊಳಗಿನ ನಾಲಿಗೆ, ಹಳೇ ಬಾಗಿಲಿನ ಪೇಂಟ್ ಇವುಗಳಲ್ಲೂ ಸೀಸ ಇರಬಹುದು. ಮನೆಗೆ ಬಳಿಯುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಜ್ಜನ ಕಾಲದ ಕಿಟಕಿ ಚೌಕಟ್ಟಿನ ತುಂಡು ತಂದು ಹಕ್ಕಿ ಕೂರುವ ಕೋಲು ಮಾಡುವುದು ಬೇಡ ಅನ್ನುವುದು ಅದಕ್ಕೇ.

ಇನ್ನು ಹಗ್ಗ. ನನಗೆ ಅತಿ ಹೆಚ್ಚು ಭಯ ಇರುವುದು ಇದರದ್ದೇ.

ನಮ್ಮ ಕೇರಿಯ ಶಾಲೆ ಅಕ್ಕೋರ ಮನೆಯಲ್ಲಿ ಬಡ್ಜಿಗಳಿದ್ದವು. ಒಂದು ಸಂಜೆ "ತಮ್ಮಾ, ಬೇಗ ಬಾರೋ" ಅಂತ ಗೋಡೆಯಾಚೆಯಿಂದ ಕೂಗಿದರು. ಹೋಗಿ ನೋಡಿದರೆ ಹಗ್ಗದ ಏಣಿಗೆ ಒಂದು ಹೆಣ್ಣು ಬಡ್ಜಿ ಒಂದೇ ಕಾಲಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದೆ. ಏಣಿಯ ಹತ್ತಿ ಎಳೆ ಬಿಚ್ಚಿಕೊಂಡು ಹೊರಬೆರಳಿಗೆ ಸುತ್ತಿತ್ತು. ಬಿಡಿಸಿಕೊಳ್ಳಲು ಅದು ತಿರುಗಿದಷ್ಟೂ ಎಳೆ ಬಿಗಿಯಾಗಿದೆ. ಬೆರಳು ಊದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಎಳೆ ಚರ್ಮದೊಳಗೆ ಇಳಿದು ಕಾಣುತ್ತಲೇ ಇರಲಿಲ್ಲ. ಅಕ್ಕೋರು ಸಣ್ಣ ಟವೆಲ್‌ನಲ್ಲಿ ಹಿಡಿದರು. ನಾನು ಮೊದಲು ಏಣಿಯ ಕಡೆಯ ಎಳೆ ಕತ್ತರಿಸಿ ಹಕ್ಕಿಯನ್ನು ಕೆಳಗಿಳಿಸಿದೆ. ಆಮೇಲೆ ಮೊಬೈಲ್ ಟಾರ್ಚ್ ಹಾಕಿ, ಮಗುವಿನ ಉಗುರು ಕತ್ತರಿಯ ತುದಿ ತೂರಿಸಿ ಒಂದೊಂದೇ ಸುತ್ತು ಕತ್ತರಿಸಬೇಕಾಯಿತು. ಎಳೆಯಲೇ ಇಲ್ಲ. ಎಳೆದರೆ ಬೆರಳೇ ಹೋಗುತ್ತಿತ್ತು. ಬೆರಳು ಉಳಿಯಿತು, ಉಗುರು ಮಾತ್ರ ಬಿದ್ದುಹೋಯಿತು.

ಹಿಡಿಯುವುದರ ಬಗ್ಗೆ ಒಂದು ಮಾತು. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು ಪರದೆ) ಇಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರೇನೇ ಉಸಿರು. ಗಾಬರಿಯಲ್ಲಿ ಎದೆಯನ್ನು ಮುಷ್ಟಿಯಲ್ಲಿ ಅದುಮಿದರೆ ದಾರಕ್ಕಿಂತ ಮೊದಲು ನಮ್ಮ ಕೈಯೇ ಕೊಲ್ಲುತ್ತದೆ. ತಲೆಯ ಎರಡೂ ಬದಿ ಬೆರಳಿಟ್ಟು, ಮೈಯನ್ನು ಟವೆಲ್‌ನಲ್ಲಿ ಸಡಿಲವಾಗಿ ಸುತ್ತಿ.

ಹಾಗಾಗಿ ನಿಮ್ಮ ಏಣಿಯ ಹಗ್ಗದಲ್ಲಿ ಎಳೆ ಹೊರಬಂದಿದೆಯಾ ನೋಡಿ. ಸ್ವಲ್ಪ ಬಂದಿದ್ದರೆ ಬುಡಕ್ಕೆ ಕತ್ತರಿಸಿ. ನಾರು ನಾರಾಗಿದ್ದರೆ ಎಸೆಯಿರಿ, ದುಡ್ಡಿನ ಮುಖ ನೋಡಬೇಡಿ. ಹತ್ತಿ ನುಂಗಿದರೆ ಗಂಟಲ ಚೀಲದಲ್ಲಿ ಉಂಡೆ ಕಟ್ಟುತ್ತದೆ. ಇದೇ ಕಾರಣಕ್ಕೆ ಉಣ್ಣೆಯಂಥ ಬಟ್ಟೆಯ ಗುಡಿಸಲು ಮಾರುತ್ತಾರಲ್ಲ, ಅದೂ ಬೇಡ. ಬಲೆಯ ನೈಲಾನ್ ದಾರ, ಗಾಳದ ದಾರ ಪಂಜರದ ಹತ್ತಿರವೂ ಸುಳಿಯಬಾರದು. ಅದು ಕೊಯ್ಯುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಕತ್ತದ ಹಗ್ಗ ಬಳಸಬಹುದು, ಆದರೆ ತುಂಡು ಗಿಡ್ಡ ಇರಲಿ. ಕುತ್ತಿಗೆಗೆ ಒಂದು ಸುತ್ತು ಬರುವಷ್ಟು ಉದ್ದ ಯಾವುದೂ ಇರಬಾರದು. ಹಕ್ಕಿಯ ಉಗುರು ಕೊಕ್ಕೆಯಾಗಿ ಬೆಳೆದಿದ್ದರೆ ಎಂಥ ಒಳ್ಳೆ ಹಗ್ಗವೂ ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನೂ ನೋಡಿಕೊಳ್ಳಿ.

ಗೆಜ್ಜೆಯನ್ನು ಈಗಲೇ ಕತ್ತರಿಸಿ ತೆಗೆಯಿರಿ. ಗೆಜ್ಜೆಯ ಕೆಳಗೆ ಸೀಳು ಇರುತ್ತದಲ್ವಾ, ಅದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಬೆರಳು ಅಗಲದಲ್ಲಿ ಒಳಗೆ ಹೋಗಿ ಕಿರಿದರಲ್ಲಿ ಸಿಕ್ಕಿಕೊಳ್ಳುತ್ತದೆ. ಸದ್ದೇ ಬೇಕಿದ್ದರೆ ಬಾಯಿ ತೆರೆದ, ಸ್ಟೇನ್‌ಲೆಸ್‌ನ ಸಣ್ಣ ಗಂಟೆ ಹಾಕಿ, ನಾಲಿಗೆ ಕಳಚಿ ಬರುವುದಿಲ್ಲ ಅಂತ ಎಳೆದು ನೋಡಿ. ಕೀ ಚೈನ್‌ನ ಸುರುಳಿ ರಿಂಗ್ ಕೂಡ ಹೀಗೇ: ಕೆಳಕೊಕ್ಕು ಅದರ ಸಂದಿಗೆ ಹೋದರೆ ಹಕ್ಕಿಗೆ ಬಿಡಿಸಿಕೊಳ್ಳಲು ಬರುವುದಿಲ್ಲ. ಬಳೆಯಂಥ ಉಂಗುರಗಳಿದ್ದರೆ ತಲೆ ತೂರಲೇಬಾರದು, ಇಲ್ಲವೇ ಇಡೀ ಮೈ ಸರಾಗ ದಾಟಬೇಕು. ಇವೆರಡರ ನಡುವಿನ ಅಳತೆಯೇ ಕುಣಿಕೆ.

ಕನ್ನಡಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಡೆಯುವ ಭಯ ಒಂದು. ಅದಕ್ಕಿಂತ, ಗಂಡು ಕಾಕಟೀಲ್ ಅದರ ಮುಂದೆ ಕೂತು ದಿನವಿಡೀ ಹಾಡುತ್ತಾ, ತಿಂದದ್ದನ್ನು ಕಕ್ಕಿ ಬಿಂಬಕ್ಕೆ ಉಣಿಸಲು ನೋಡುತ್ತದೆ. ನಿಮ್ಮಲ್ಲಿ ಜೋಡಿಯೇ ಇದೆ, ಕನ್ನಡಿ ಯಾಕೆ? ಜಾತ್ರೆಯಿಂದ ತಂದ ಮಕ್ಕಳ ಆಟಿಕೆ ಹಾಕಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಮಕ್ಕಳ ಆಟಿಕೆಗೆ 2021ರಿಂದ ಐಎಸ್ಐ ಗುರುತು ಕಡ್ಡಾಯ, ಸರಿ. ಆದರೆ ಆ ಪರೀಕ್ಷೆ ಮಗುವಿನ ಕೈಬಾಯಿ ಲೆಕ್ಕದ್ದು, ಕೊಕ್ಕಿನ ಲೆಕ್ಕದ್ದಲ್ಲ. ತೆಳು ಪ್ಲಾಸ್ಟಿಕ್ ಅನ್ನು ಕಾಕಟೀಲ್ ಕಚ್ಚಿದರೆ ಚೂಪು ಚೂರಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವುದಕ್ಕೆ ನಮ್ಮ ಜಿಲ್ಲೆಯಷ್ಟು ಒಳ್ಳೆ ಜಾಗ ಬೇರೆ ಇಲ್ಲ ಅಂದುಕೊಂಡಿದ್ದೇನೆ. ನನ್ನ ಹೆಂಡತಿಯ ತವರು ಶಿರಸಿ ಕಡೆ. ಅಲ್ಲಿಂದ ಬರುವಾಗಲೆಲ್ಲ ಡಿಕ್ಕಿಯಲ್ಲಿ ಅಡಿಕೆ ಹಾಳೆ ಇರುತ್ತದೆ. ಹಾಳೆಯನ್ನು ನೆನೆಸಿ, ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಒಳಗೆ ಒಂದು ಚಿಟಿಕೆ ನವಣೆ ಇಟ್ಟು ಮಡಚಿ, ಅದೇ ಹಾಳೆಯ ಸೀಳಿನಿಂದ ಕಟ್ಟಿಬಿಡಿ. ಒಣಗಿದ ಮೇಲೆ ಪಂಜರದ ಸರಳಿಗೆ ಸಿಕ್ಕಿಸಿ. ತಂತಿ ಇಲ್ಲ, ದಾರ ಇಲ್ಲ, ಅಂಟಿಲ್ಲ. ಹಕ್ಕಿ ಅರ್ಧ ದಿನ ಸಿಗಿಯುತ್ತಾ ಕೂರುತ್ತದೆ.

ಆದರೆ ಯಾವ ಕಾಲದ ಹಾಳೆ ಅಂತ ಕೇಳಿ ತನ್ನಿ. ಕೊಳೆ ರೋಗಕ್ಕೆ ಅಂತ ಮಳೆಗಾಲದ ಶುರುವಿನಲ್ಲಿ ಒಮ್ಮೆ, ಮತ್ತೆ 40–45 ದಿನ ಬಿಟ್ಟು ಇನ್ನೊಮ್ಮೆ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಬೆರೆಸಿದ ನೀರು. ಅದು ಹಾಳೆಯ ಮೇಲೂ ಬಿದ್ದು ತಿಳಿನೀಲಿ ಕಲೆಯಾಗಿ ಕೂರುತ್ತದೆ. ಮೈಲುತುತ್ತ ಅಂದರೆ ತಾಮ್ರದ ಲವಣ, ಹಕ್ಕಿಯ ಹೊಟ್ಟೆಗೆ ಒಳ್ಳೆಯದಲ್ಲ. ಬೇಸಿಗೆಯಲ್ಲಿ ಉದುರಿದ, ಕಲೆ ಇಲ್ಲದ ಹಾಳೆ ಆರಿಸಿ, ತಿಕ್ಕಿ ತೊಳೆದು ಬಿಸಿಲಿಗಿಡಿ.

ಕರಟ, ತೆಂಗಿನ ಸಿಪ್ಪೆ, ಬಿದಿರು, ಪೇರಲೆ ಮತ್ತು ನುಗ್ಗೆ ಟೊಂಗೆ ಧಾರಾಳ ಕೊಡಬಹುದು. ಗೇರು ಮರದ ಟೊಂಗೆ ಬೇಡ, ಅದರ ಸೊನೆ ನಮ್ಮ ಚರ್ಮವನ್ನೇ ಸುಡುತ್ತದೆ. ಕಣಗಿಲೆ, ದತ್ತೂರ, ಬೆಣ್ಣೆಹಣ್ಣಿನ ಗಿಡ ಇವು ಹತ್ತಿರವೂ ಬೇಡ. ಕಡಲತೀರದಲ್ಲಿ ಸಿಗುವ ಕೊರಡು ನೋಡಲು ಚಂದ, ಆದರೆ ಉಪ್ಪು ಹೀರಿರುತ್ತದೆ, ಮಳೆಗಾಲದಲ್ಲಿ ದಡಕ್ಕೆ ಬರುವ ಡಾಂಬರಿನಂಥ ಎಣ್ಣೆ ಉಂಡೆಯೂ ಮೆತ್ತಿರಬಹುದು. ಅಂಗಡಿಯಲ್ಲಿ ಕಟಲ್‌ಬೋನ್ ಅಂತ ಮಾರುವ ಬಿಳಿ ಓಡನ್ನು ನಮ್ಮ ದಡದಲ್ಲೇ ಹೆಕ್ಕಬಹುದು. ಕೆಲವು ದಿನ ಸಿಹಿನೀರು ಬದಲಿಸುತ್ತಾ ನೆನೆಸಿ, ಕುದಿಸಿ, ಒಣಗಿಸಿ. ಅಂಗಡಿಯದೇ ತಂದರೆ ಓಡು ಸರಿ, ಹಿಂದಿನ ತಗಡಿನ ಕ್ಲಿಪ್ ಕಿತ್ತುಹಾಕಿ. ರಟ್ಟಿನ ಡಬ್ಬಿ ಕೊಡುವಾಗ ಸ್ಟೇಪ್ಲರ್ ಪಿನ್, ಟೇಪ್ ತೆಗೆಯುವುದೂ ಹಾಗೇ.

ಮಳೆಗಾಲದಲ್ಲಿ ಈ ಎಲ್ಲಾ ನಾರು, ಹಾಳೆ, ಮರಕ್ಕೆ ಬೂಷ್ಟು ಬರುತ್ತದೆ. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ. ಸುಮಾರು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ಬೂಷ್ಟಿನ ಪುಡಿ ಹಕ್ಕಿಯ ಶ್ವಾಸಕೋಶಕ್ಕೆ ಹೋದರೆ ಗುಣ ಮಾಡುವುದು ಬಹಳ ಕಷ್ಟ. ನಾನು ಆ ನಾಲ್ಕು ತಿಂಗಳು ಹಗ್ಗ ಪೂರ್ತಿ ತೆಗೆದುಬಿಡುತ್ತೇನೆ, ಹಾಳೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ದಿನಕ್ಕೊಂದು ಕೊಡುತ್ತೇನೆ. ಇನ್ನೊಂದು, ಕಾಕಟೀಲ್‌ಗೆ ಕತ್ತಲಲ್ಲಿ ಬೆಚ್ಚಿಬೀಳುವ ಸ್ವಭಾವ. ರಾತ್ರಿ ಕರೆಂಟ್ ಹೋಗಿ ಗುಡುಗು ಬಂದರೆ ಪಂಜರದೊಳಗೆ ಹುಚ್ಚೆದ್ದು ರೆಕ್ಕೆ ಬಡಿಯುತ್ತದೆ. ಅದು ಮಲಗುವ ಕೋಲಿನ ಸುತ್ತ ಜೋಕಾಲಿ, ಸರ ಯಾವುದೂ ಇರಬಾರದು. ಒಂದು ಸಣ್ಣ ಬ್ಯಾಟರಿ ದೀಪ ಇಟ್ಟರೆ ಒಳ್ಳೆಯದು.

ಊರ ಗಿಳಿಯ ಮರಿಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾಕಟೀಲ್, ಬಡ್ಜಿ ಆಸ್ಟ್ರೇಲಿಯಾ ಮೂಲದವು, ಅವಕ್ಕೆ ಇದು ತಾಗುವುದಿಲ್ಲ. ಮರಿಯನ್ನು ಈಗಾಗಲೇ ಇಳಿಸಿದ್ದರೆ ಅರಣ್ಯ ಇಲಾಖೆಗೆ ತಿಳಿಸಲು ಅವರಿಗೆ ಹೇಳಿ.

ಈಗ ನಿಮ್ಮ ಸೆಟ್‌ಗೆ ಬಂದರೆ: ಜೋಕಾಲಿಯ ಕೊಂಡಿ ಬದಲಿಸಿ ಹಾಕಿ. ಮರದ ಸರವನ್ನು ಬಿಚ್ಚಿ, ಒಂದು ತುಂಡನ್ನು ನೀರಲ್ಲಿ ನೆನೆಸಿ, ಬಣ್ಣ ಬಿಟ್ಟರೆ ಎಲ್ಲಾ ಎಸೆಯಿರಿ, ಬಿಡದಿದ್ದರೆ ಸ್ಟೀಲ್ ಸರಳಿಗೆ ಪೋಣಿಸಿ. ಏಣಿ ಬೇಸಿಗೆಗೆ ಮಾತ್ರ, ಅದೂ ನೀವು ಮನೆಯಲ್ಲಿದ್ದಾಗ. ವಾರಕ್ಕೊಮ್ಮೆ ಪಂಜರ ತೊಳೆಯುವಾಗ ಎಲ್ಲವನ್ನೂ ಕೈಯಲ್ಲಿ ಎಳೆದು ನೋಡಿ.

ಹಕ್ಕಿ ಒಮ್ಮೆಲೇ ಮಂಕಾಗಿ ಗರಿ ಉಬ್ಬಿಸಿ ಕೂತರೆ, ವಾಂತಿ ಮಾಡಿದರೆ, ನೀರು ಜಾಸ್ತಿ ಕುಡಿದು ಹಿಕ್ಕೆ ನೀರಾದರೆ, ಕಾಲು ಸೋತರೆ ಅಥವಾ ನಡುಕ ಬಂದರೆ ನಾಳೆ ನೋಡೋಣ ಅನ್ನಬೇಡಿ. ಲೋಹ ನುಂಗಿದ್ದರೆ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ, ಅದನ್ನು ಮೈಯಿಂದ ಹೊರಹಾಕುವ ಇಂಜೆಕ್ಷನ್ ಇದೆ, ಬೇಗ ಹೋದರೆ ಬದುಕುವ ಸಾಧ್ಯತೆ ಹೆಚ್ಚು. ಹಕ್ಕಿ ನೋಡುವ ಪಶುವೈದ್ಯರು ನಿಮ್ಮ ಹತ್ತಿರ ಯಾರು ಅಂತ ಈಗಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ. ಹೋಗುವಾಗ ಕಡಿದು ಹಾಕಿದ ಆಟಿಕೆಯನ್ನೂ, ಪಂಜರದ ತಳದ ಪೇಪರನ್ನೂ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಯಾವ ತುಂಡು ಕಾಣೆಯಾಗಿದೆ ಅಂತ ವೈದ್ಯರಿಗೆ ಅದರಿಂದಲೇ ಗೊತ್ತಾಗುವುದು.