ಆಪ್ತಸಲಹೆ ಪ್ರಕರಣ: ಮರ ಎಂದರೆ ಬರ ಎಂದು ಬರೆಯುವ ಹುಡುಗ

ಜಗಳೂರು ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಶಿಕ್ಷಕಿ ನಿದ್ದೆ ಬಾರದೆಂದು ಹೇಳಿಕೊಂಡು ದಾವಣಗೆರೆಯಲ್ಲಿ ನನ್ನನ್ನು ಕಂಡರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಎರಡನೆಯ ಭೇಟಿಯಲ್ಲಷ್ಟೇ ಮೂಲ ಕಾರಣ ಹೊರಬಿತ್ತು: ಐದನೆಯ ತರಗತಿಗೆ ಹೊಸದಾಗಿ ಸೇರಿದ್ದ, ಶ್ರವಣ ಸಾಧನ ಧರಿಸುವ ಹುಡುಗ. "ಇವನು ವಿಶೇಷ ಶಾಲೆಗೆ ಹೋದರೇ ಒಳ್ಳೆಯದಲ್ಲವೇ ಮೇಡಂ? ಹೀಗೆ ಅಂದುಕೊಳ್ಳುವುದೂ ತಪ್ಪೆನಿಸುತ್ತದೆ" ಎಂದರು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ ಎಂಬುದೂ, ಸರ್ಕಾರಿ ಶಾಲೆ ಅಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂಬುದೂ ತರಬೇತಿಯಿಂದ ಅವರಿಗೆ ಬಾಯಿಪಾಠವಾಗಿತ್ತು. ಆದರೆ 38 ಮಕ್ಕಳ ಮುಂದೆ ನಿಂತಾಗ ಈ ಒಬ್ಬನಿಗೆ ಪಾಠ ಮುಟ್ಟಿಸುವುದು ಹೇಗೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ. ಶಿಕ್ಷಕರ ವಿರೋಧವೆಂದು ನಾವು ಕರೆಯುವುದರಲ್ಲಿ ಬಹುಪಾಲು ಇಂಥ ಸೋಲಿನ ಅಂಜಿಕೆಯೇ ಎಂಬುದು ನನ್ನ ಅನುಭವ.

ಹುಡುಗನ ಉಕ್ತಲೇಖನದ ಪುಸ್ತಕ ತರಲು ಹೇಳಿದೆ. 'ಮರ' ಇರಬೇಕಾದಲ್ಲೆಲ್ಲ 'ಬರ' ಎಂದಿತ್ತು. (ಬರಪೀಡಿತ ಜಗಳೂರಿನ ಮಗುವಿಗೆ ಆ ಪದ ಅಪರಿಚಿತವೇನಲ್ಲ.) ಹುಡುಗ ಮಂದನೆಂದು ಶಿಕ್ಷಕಿ ಎಣಿಸಿದ್ದರು. ಹುಡುಗ ತುಟಿಗಳ ಚಲನೆ ನೋಡಿಯೂ ಮಾತನ್ನು ಗ್ರಹಿಸುತ್ತಾನೆಂದು ತಿಳಿಸಲು ಶಿಕ್ಷಕಿಯನ್ನೇ ಕನ್ನಡಿಯ ಮುಂದೆ ಕೂರಿಸಿ, ದನಿ ಹೊರಡಿಸದೆ ಮರ, ಬರ, ಪರ ಎನ್ನಲು ಹೇಳಿದೆ. ಮೂರಕ್ಕೂ ತುಟಿಗಳು ಒಂದೇ ರೀತಿ ಕೂಡಿ ತೆರೆಯುವುದನ್ನು ಕಂಡು ಅವರು ಬಹಳ ಹೊತ್ತು ಮಾತಾಡಲಿಲ್ಲ.

ಸಲಹೆಗಳು ಚಿಕ್ಕವೇ ಆಗಿದ್ದವು. ಹುಡುಗನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕಿಟಕಿಯ ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಬೇಕು. ಹಲಗೆಯತ್ತ ತಿರುಗಿ ಬರೆಯುವಾಗ ಮಾತಾಡಬಾರದು. ಉಕ್ತಲೇಖನದಲ್ಲಿ ಬಿಡಿಪದದ ಬದಲು 'ಮರದಲ್ಲಿ ಹಣ್ಣಿದೆ' ಎಂಬಂಥ ವಾಕ್ಯ ಕೊಡಬೇಕು. ಶ್ರವಣ ಸಾಧನವು ಮಾತಿನ ಜೊತೆಗೆ ಬೆಂಚಿನ ಸದ್ದನ್ನೂ ಹೆಚ್ಚಿಸುವುದರಿಂದ, ಅದನ್ನು ಧರಿಸಿದ್ದಾನೆಂಬ ಕಾರಣಕ್ಕೆ ಎಲ್ಲವೂ ಕೇಳಿಸಿತೆಂದು ತಿಳಿಯಬಾರದು. ಬ್ಲಾಕ್ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಸಾಮಾನ್ಯ ಶಾಲೆಗಳಲ್ಲಿ ವಿಕಲಚೇತನ ಮಕ್ಕಳ ಕಲಿಕೆಗೆ ನೆರವಾಗುವವರು) ತರಗತಿಗೇ ಬಂದು ನೋಡುವಂತೆ ಮುಖ್ಯ ಶಿಕ್ಷಕರ ಮೂಲಕ ಲಿಖಿತವಾಗಿ ಕೋರಲೂ ತಿಳಿಸಿದೆ.

ಎರಡು ತಿಂಗಳ ಬಳಿಕ ಬಂದಾಗ ನಿದ್ದೆ ಸುಧಾರಿಸಿತ್ತು. ಕನ್ನಡದಲ್ಲಿ ಹುಡುಗ ಚೇತರಿಸಿಕೊಂಡಿದ್ದ, ವಾಕ್ಯರೂಪದ ಲೆಕ್ಕಗಳಲ್ಲಿ ಇನ್ನೂ ತಡವರಿಸುತ್ತಿದ್ದ. ಸನ್ನೆಭಾಷೆ ಬಲ್ಲ ಶಿಕ್ಷಕರು ಅವನಿಗೆ ಬೇಕೆಂಬ ತಮ್ಮ ಮಾತನ್ನು ಶಿಕ್ಷಕಿ ಬಿಟ್ಟಿರಲಿಲ್ಲ. ಅದರಲ್ಲಿ ಹುರುಳಿದ್ದುದರಿಂದ ನಾನೂ ವಾದಿಸಲಿಲ್ಲ. ಶ್ರವಣ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಆ ವರದಿಯೊಂದಿಗೆ ತಂದೆತಾಯಿಯನ್ನೂ ಕರೆತರಲು ಹೇಳಿ ಕಳುಹಿಸಿದೆ.