ಮಾವನ ಸಿಟ್ಟು ಮತ್ತು ಎರಡು ಮಾತ್ರೆ ಪಟ್ಟಿ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು ಕೋಲಾರದ ಹತ್ತಿರದ ಹಳ್ಳಿಯವರು. ಮಾವ, ಸೊಸೆ ಒಟ್ಟಿಗೇ ಬಂದರೂ ಕೂತಿದ್ದು ಬೆಂಚಿನ ಎರಡು ತುದಿಗೆ. ಮಾವನಿಗೆ ಎಪ್ಪತ್ತರ ಹತ್ತಿರ. ಶುಗರ್, ಬಿಪಿ ಎರಡೂ ಇದೆ.

"ಮಾತ್ರೆ ತಗೊಂಡ್ರಾ ಅಂತ ಕೇಳಿದ್ರೆ ಸಾಕು ಮೇಡಂ, ಮೈಮೇಲೆ ಬರ್ತಾರೆ," ಅಂದರು ಸೊಸೆ. "ದಿನಕ್ಕೆ ನಾಲ್ಕು ಸಲ ಕೇಳ್ತಾಳೆ. ಬಾಯಿ ತೆಗೀರಿ ಮಾವ, ನುಂಗಿದ್ರಾ ನೋಡೋಣ ಅಂತಾಳೆ. ನಾನೇನು ಮಗೂನಾ?" ಅಂದರು ಮಾವ.

ಸಿಟ್ಟು ಯಾವ ಹೊತ್ತಲ್ಲಿ ಜಾಸ್ತಿ ಅಂತ ಕೇಳಿದೆ. ಬೆಳಿಗ್ಗೆ ಹತ್ತು, ಹನ್ನೊಂದಕ್ಕೆ, ಟೊಮೆಟೊ ಮಂಡಿಯಿಂದ ವಾಪಸ್ ಬಂದ ಕೂಡಲೇ. ಆಗ ಬೆವರು, ಕೈನಡುಕ ಇರುತ್ತಾ ಅಂದೆ. ಇರುತ್ತೆ, ಮುದ್ದೆ ಉಂಡ ಮೇಲೆ ಸರಿಹೋಗುತ್ತೆ ಅಂದರು ಸೊಸೆ. ಸ್ವಭಾವದ ಸಿಟ್ಟು ಮುದ್ದೆಗೆ ಇಳಿಯುತ್ತಾ? ನನಗೆ ಅನುಮಾನ ಬಂತು.

ಕವರಿನಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿದೆ. ಎರಡು ಪಟ್ಟಿಗೆ ಹೆಸರು ಬೇರೆ, ಬಣ್ಣ ಬೇರೆ. ಹಿಂದಿನ ಸಣ್ಣಕ್ಷರ ಓದಿದರೆ ಎರಡರಲ್ಲೂ ಗ್ಲಿಮೆಪಿರೈಡ್, ಅಂದರೆ ಶುಗರ್ ಇಳಿಸೋ ಒಂದೇ ಔಷಧಿ! ಒಂದು ಊರಿನ ಡಾಕ್ಟರ್ ಬರೆದದ್ದು, ಇನ್ನೊಂದು ಜ್ವರಕ್ಕೆ ಬೆಂಗಳೂರಲ್ಲಿ ಅಡ್ಮಿಟ್ ಆಗಿದ್ದಾಗ ಬರೆದದ್ದು. ಹಾಲು ಕರೆಯೋ ಗಡಿಬಿಡಿಯಲ್ಲಿ ಸೊಸೆ ಎರಡನ್ನೂ ಆರು ಗಂಟೆಗೇ ಕಾಫಿ ಜೊತೆ ಕೊಡುತ್ತಿದ್ದರು. ಈ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಶುಗರ್ ತೀರಾ ಇಳಿಯುತ್ತೆ. ಹಾಗೆ ಇಳಿದರೆ ಸಿಡುಕು ಬರುತ್ತೆ.

ನಾನು ಡಾಕ್ಟರಲ್ಲ. ಯಾವುದನ್ನೂ ನಿಲ್ಲಿಸಿ ಅನ್ನದೆ, ಅಷ್ಟೂ ಪಟ್ಟಿ ಹಿಡಿದು ಅವತ್ತೇ ಡಾಕ್ಟರ್ ಹತ್ತಿರ ಹೋಗಿ ಅಂದೆ. ಅವರು ಒಂದನ್ನು ನಿಲ್ಲಿಸಿದರು. ಇನ್ನೊಂದನ್ನು ತಿಂಡಿಯ ಹೊತ್ತಿಗೆ ಹಾಕಿದರು.

ಮತ್ತೆ ಹಾಗಾದರೆ ಏನು ಮಾಡೋದು ಅಂತ ಸೊಸೆ ಕೇಳಿದರು. ಬೆವರು, ನಡುಕ ಕಂಡರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ. 15 ನಿಮಿಷಕ್ಕೂ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಿಪಿ, ಶುಗರ್ ಮಾತ್ರೆ ಬರುತ್ತೆ. 2024ರಲ್ಲಿ ಅದು ಶುರುವಾಗಿದ್ದೇ ಕೋಲಾರದಿಂದ. ಒಳ್ಳೆಯದೇ, ಆದರೆ ಹಳೆಯದು ಯಾವುದು ಮನೆಯಲ್ಲಿದೆ ಅಂತ ತಂದುಕೊಟ್ಟವರಿಗೆ ತೋರಿಸಿ. ಸುಮ್ನೆ ಎರಡನ್ನೂ ಸೇರಿಸಿ ನುಂಗೋದು ಬೇಡ.

ಇನ್ನು ಮನಸ್ತಾಪದ ಮಾತು. ಖಾನೆಗಳಿರುವ ಮಾತ್ರೆ ಡಬ್ಬಿಯನ್ನು ಮಾವನ ಕೈಗೇ ಕೊಡಿ ಅಂದೆ. ವಾರದ ಮಾತ್ರೆಯನ್ನು ಭಾನುವಾರ ಇಬ್ಬರೂ ಕೂತು ತುಂಬಿಸಬೇಕು. ಮಾತ್ರೆ ಬಿಚ್ಚದೆ ಪಟ್ಟಿಯನ್ನೇ ಕತ್ತರಿಸಿ ಹಾಕಬೇಕು, ಹೆಸರು, ತಾರೀಕು ಇರುವ ತುಂಡು ಕೊನೆಗೆ ಉಳಿಯಬೇಕು. ಇಂಗ್ಲಿಷ್ ಓದಲು ಬಾರದ್ದಕ್ಕೆ ಮಾವ ಮುಜುಗರಪಡುತ್ತಿದ್ದರು. ಡಬ್ಬಿಯ ಮೇಲೆ 'ತಿಂಡಿಗೆ', 'ರಾತ್ರಿ ಊಟಕ್ಕೆ' ಅಂತ ಅವರ ಕೈಯಲ್ಲೇ ಬರೆಸಿದೆ. ದಪ್ಪ ಅಕ್ಷರ, ಚೆನ್ನಾಗಿತ್ತು. ಸೊಸೆ ರಾತ್ರಿ ಒಮ್ಮೆ ಡಬ್ಬಿ ನೋಡಬಹುದು, ಬಾಯಲ್ಲಿ ಕೇಳೋ ಹಾಗಿಲ್ಲ. ಖಾನೆ ಖಾಲಿಯಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು. ತಪ್ಪಿದ್ದನ್ನೂ ಸೇರಿಸಿ ಒಟ್ಟಿಗೆ ನುಂಗಿಸಬಾರದು.

ಬೆಂಗಳೂರಿನ ಮಗ ಫೋನಲ್ಲಿ ಇಬ್ಬರಿಗೂ ಬೈಯುತ್ತಿದ್ದರಂತೆ. ಮಾತ್ರೆ ಮುಗಿಯೋ ಒಂದು ವಾರ ಮೊದಲೇ ತಂದಿಡೋ ಕೆಲಸ ಅವರಿಗೆ ವಹಿಸಿದೆ.