ಐದನೇ ತಿಂಗಳಲ್ಲಿ ಎದೆ ಢವಢವ: ಥೈರಾಯ್ಡ್ ಮಾತ್ರೆ ಬಿಡಬೇಕಾ?

ಪ್ರಶ್ನೆ: ಡಾಕ್ಟರೇ, ನನಗೀಗ ಐದನೇ ತಿಂಗಳು, ಚೊಚ್ಚಲು. ಥೈರಾಯ್ಡ್ ಕಡಿಮೆ ಅಂತ ಮದುವೆಗೆ ಮೊದಲಿನಿಂದಲೂ ಮಾತ್ರೆ ಇದೆ. ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಷ್ಟೂ ಏರುವ ರಕ್ತಪರೀಕ್ಷೆಯ ಅಂಕಿ) 4.8 ಬಂದಿದ್ದಕ್ಕೆ ಹೋದ ತಿಂಗಳು 50 ಮೈಕ್ರೋಗ್ರಾಂ ಇದ್ದ ಡೋಸನ್ನು 75 ಮಾಡಿದರು. ಕಬ್ಬಿಣದ ಮಾತ್ರೆಯನ್ನು ಇದರ ಜೊತೆ ನುಂಗಬೇಡಿ ಅಂತಲೂ ಆಗಲೇ ಹೇಳಿದರು, ಅಲ್ಲಿವರೆಗೆ ಎರಡನ್ನೂ ಒಟ್ಟಿಗೇ ನುಂಗುತ್ತಿದ್ದೆ. ಈಗ ಕೆಲವು ದಿನದಿಂದ ಎದೆ ಢವಢವ ಅನ್ನುತ್ತದೆ, ರಾತ್ರಿ ಮಲಗಿದರೆ ಜಾಸ್ತಿ. ಹಿಮೋಗ್ಲೋಬಿನ್ 9.4. ಅತ್ತೆಯವರು ಆ ಮಾತ್ರೆ ಉಷ್ಣ, ಹೆರಿಗೆವರೆಗೆ ಬಿಡು ಅನ್ನುತ್ತಾರೆ. ಬಿಡಲಾ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಬಿಡಬೇಡಿ. ಮೊದಲ ನಾಲ್ಕೈದು ತಿಂಗಳು ಮಗು ಹೆಚ್ಚಾಗಿ ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ, ಅದರ ಮಿದುಳು ಬೆಳೆಯಲು ಇದು ಬೇಕೇ ಬೇಕು. ಆಮೇಲೂ ನಿಮಗೆ ಬೇಕು. ಎರಡು ದಿನ ಬಿಟ್ಟು ನೋಡೋಣ ಅನ್ನುವುದರಲ್ಲೂ ಅರ್ಥವಿಲ್ಲ, ಈ ಔಷಧಿ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು.

ಆದರೆ ನಿಮ್ಮ ಪತ್ರದಲ್ಲಿ ಒಂದು ಸುಳಿವಿದೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆ ಮೈಗೆ ಹತ್ತದಂತೆ ತಡೆಯುತ್ತವೆ. ಒಟ್ಟಿಗೆ ನುಂಗುತ್ತಿದ್ದಾಗ ನಿಮಗೆ 50 ಪೂರ್ತಿ ಸಿಗುತ್ತಿರಲಿಲ್ಲ, ಟಿಎಸ್‌ಎಚ್ ಏರಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಈಗ ಡೋಸೂ ಏರಿತು, ತಡೆಯೂ ಹೋಯಿತು. ಹಾಗಾಗಿ 75 ನಿಮಗೆ ತುಸು ಜಾಸ್ತಿಯೇ ಆಗಿರಬಹುದು. ಹಾಗಂತ ಖಚಿತವಾಗಿ ಹೇಳಲಾಗದು, ಬಸುರಿನಲ್ಲಿ ಡೋಸ್ ಕಾಲು ಭಾಗದಿಂದ ಅರ್ಧದಷ್ಟು ಏರಿಸಬೇಕಾಗುವುದು ಮಾಮೂಲು. ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅಳತೆ) ಈ ವಾರವೇ ಮಾಡಿಸಿ. ಟಿಎಸ್‌ಎಚ್ 2.5ರ ಒಳಗಿರಬೇಕು, ತೀರಾ ತಳಕ್ಕೆ ಇಳಿದು ಫ್ರೀ ಟಿ4 ಏರಿದ್ದರೆ ನಿಮ್ಮ ಡಾಕ್ಟರು ಡೋಸ್ ಇಳಿಸುತ್ತಾರೆ. ಇಳಿಸುವುದು ಬೇರೆ, ಬಿಡುವುದು ಬೇರೆ, ಇದನ್ನು ಅತ್ತೆಯವರಿಗೂ ಹೇಳಿ.

ಇನ್ನು ನಿಮ್ಮ ಹಿಮೋಗ್ಲೋಬಿನ್ 9.4. ನನಗೆ ಮಾತ್ರೆಗಿಂತ ಇದರ ಮೇಲೇ ಅನುಮಾನ ಜಾಸ್ತಿ. ಬಸುರಿಯರಲ್ಲಿ 10.5ಕ್ಕಿಂತ ಕೆಳಗಿದ್ದರೆ ಈ ತಿಂಗಳುಗಳಲ್ಲಿ ರಕ್ತ ಕಡಿಮೆ ಅಂತಲೇ ಲೆಕ್ಕ, ಕಡಿಮೆಯಾದಷ್ಟೂ ಹೃದಯ ಜೋರಾಗಿ ಓಡುತ್ತದೆ. ಬಸುರಿನಲ್ಲಿ ನಾಡಿ ಹೇಗೂ ನಿಮಿಷಕ್ಕೆ 10–20 ಬಡಿತ ಏರಿರುತ್ತದೆ ಅಲ್ವಾ, ಅದರ ಮೇಲೆ ಇದು. ಆದ್ದರಿಂದ ಕಬ್ಬಿಣವನ್ನೂ ಬಿಡುವಂತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಕಾಫಿ ಅರ್ಧ-ಮುಕ್ಕಾಲು ಗಂಟೆ ಕಳೆದ ಮೇಲೆ, ಕಬ್ಬಿಣ ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ. ಥೈರಾಯ್ಡ್ ಮಾತ್ರೆಗೂ ಅವಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ. ಕಬ್ಬಿಣ ನುಂಗಿದ ಮೇಲೆ ಕಾಫಿ-ಟೀ ಬೇಡ, ನಿಂಬೆ ಪಾನಕ ಆಗಬಹುದು.

ಢವಢವ ಶುರುವಾದಾಗ ಸುಮ್ನೆ ಕೂತು, ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಆರಾಮವಾಗಿ ಕೂತಾಗಲೂ 100 ದಾಟುತ್ತಲೇ ಇದ್ದರೆ ಇಸಿಜಿ ಆಗಬೇಕು, ಅದರಿಂದ ಮಗುವಿಗೇನೂ ತೊಂದರೆಯಿಲ್ಲ. 120 ದಾಟಿದರೆ, ಎದೆ ನೋವು, ಕಣ್ಣು ಕತ್ತಲೆ ಬಂದರೆ, ಅಥವಾ ಮಲಗಿದರೆ ಉಸಿರಾಡಲು ಆಗದೆ ಎದ್ದು ಕೂರುವಂತಾದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ಚಿಕ್ಕಂದಿನ ಕೀಲುಜ್ವರದಿಂದ ಹಾಳಾದ ಹೃದಯದ ಕವಾಟ ಎಷ್ಟೋ ಜನರಲ್ಲಿ ಮೊದಲ ಬಾರಿಗೆ ತೊಂದರೆ ಕೊಡುವುದು ಬಸುರಿನಲ್ಲೇ.

ಇದೆಲ್ಲ ಥೈರಾಯ್ಡ್ ಕಡಿಮೆ ಇರುವವರಿಗೆ ಹೇಳಿದ್ದು. ಥೈರಾಯ್ಡ್ ಜಾಸ್ತಿ ಇದ್ದು ಅದಕ್ಕೆ ಮಾತ್ರೆ ನುಂಗುವವರಿಗೆ ಎದೆ ಹೊಡೆದುಕೊಂಡರೆ, ಆ ಮಾತ್ರೆ ಸಾಲುತ್ತಿಲ್ಲ ಅಂತಲೂ ಇರಬಹುದು. ಅವರು ತಡಮಾಡದೆ ತಮ್ಮ ಡಾಕ್ಟರನ್ನೇ ನೋಡಬೇಕು.